ಅರ್ಧ ಗಂಟೆಯ ಲೆಕ್ಕದ ನೀರು: ಒಮಾನಿನ ಫಲಜ್ ಸೇವೆ ಹೇಗಿದೆ?

ಮಸ್ಕತ್‌ನ ಕನ್ನಡಿಗರು ರಜೆಗೆ ನಿಜ್ವಾ ಕಡೆ ಹೋದರೆ ಕೋಟೆ, ಸಂತೆ ಮುಗಿಸಿ ಫಲಜ್ ದಾರಿಸ್‌ನಲ್ಲಿ ಕಾಲು ನೆನೆಸಿ ಬರುತ್ತಾರೆ. ನೋಡಲು ಉದ್ಯಾನದ ಕಾಲುವೆಯಂತಿದ್ದರೂ ಅದು ಖರ್ಜೂರದ ತೋಟಗಳಿಗೆ ಇವತ್ತಿಗೂ ನೀರು ಹಂಚುವ ‘ಫಲಜ್’ ಎಂಬ ವ್ಯವಸ್ಥೆ. ಇದನ್ನೂ ಸೇರಿಸಿ ಐದು ಫಲಜ್‌ಗಳು 2006ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ದೇಶದಲ್ಲಿ ಬಳಕೆಯಲ್ಲಿರುವವು ಸುಮಾರು 3,000. ನೀರು ಪಡೆಯುವ ರೈತನ ಕಡೆಯಿಂದ ನೋಡಿದರೆ ಈ ಸೇವೆಗೆ ಎಷ್ಟು ಅಂಕ?

ಫಲಜ್‌ಗಳಲ್ಲಿ ಮೂರು ಬಗೆ. ಘೈಲಿಗೆ ಹಳ್ಳದ ನೀರು, ಐನಿಗೆ ಊಟೆಯ ನೀರು, ದಾವೂದಿಗೆ ನೆಲದಡಿಯ ನೀರು. (ಸುಲೈಮಾನ್ ಬಿನ್ ದಾವೂದ್ ಜಿನ್‌ಗಳಿಂದ ಹತ್ತೇ ದಿನದಲ್ಲಿ ಹತ್ತು ಸಾವಿರ ತೋಡಿಸಿದನೆಂಬ ಕತೆಯಿಂದ ಈ ಹೆಸರು.) ದಾವೂದಿಯಲ್ಲಿ ಬೆಟ್ಟದ ಬುಡದಲ್ಲಿ ಅಂತರ್ಜಲ ಮುಟ್ಟುವ ತಾಯಿಬಾವಿಯಿಂದ ಊರಿನವರೆಗೆ ಸುರಂಗ, ಅದರುದ್ದಕ್ಕೂ ಮಣ್ಣೆತ್ತಲು, ಗಾಳಿಯಾಡಲು ಕಂಡಿಬಾವಿಗಳ ಸಾಲು. ಬೀದರಿನ ನೌಬಾದ್ ಕರೇಜ್ ನೋಡಿದವರಿಗೆ ಇದು ಪರಿಚಿತ ರಚನೆ. ಎಲ್ಲ ಜಾಣತನ ಇರುವುದು ಇಳಿಜಾರಿನಲ್ಲಿ. ಸಾವಿರ ಮೀಟರಿಗೆ ಒಂದು ಮೀಟರಿನ ಆಸುಪಾಸು ಇಳಿದರೆ ಸರಿ. ಹೆಚ್ಚಾದರೆ ನೀರು ಸುರಂಗದ ತಳವನ್ನೇ ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ಸಡಿಲ ಮಣ್ಣಿರುವಲ್ಲಿ ಕಲ್ಲು ಕಟ್ಟದಿದ್ದರೆ ಸುರಂಗ ಕುಸಿಯುತ್ತದೆ. ಕಂಡಿಬಾವಿಯ ಬಾಯಿಗೆ ಎತ್ತರದ ಕಟ್ಟೆ ಇಲ್ಲದಿದ್ದರೆ ಒಂದೇ ದಿಢೀರ್ ಪ್ರವಾಹಕ್ಕೆ ಜಲ್ಲಿ, ಕಸ ಎಲ್ಲ ಒಳಗೆ. ನೆಲದ ಮೇಲಿನ ಕಾಲುವೆಗೆ ಬಳಿಯುವ ಸಾರೂಜ್ ಎಂಬ ಸುಟ್ಟ ಜೇಡಿಮಣ್ಣಿನ ಗಾರೆ ಬಿರುಕು ಬಿಟ್ಟಾಗ ಖರ್ಜೂರದ ಬೇರು ನುಗ್ಗುತ್ತದೆ. ಸೋರಿಕೆ ಅಲ್ಲಿಂದ ಶುರು.

ಹಂಚಿಕೆಗೇ ಪೂರ್ತಿ ಅಂಕ ಕೊಡಬೇಕು. ಇಲ್ಲಿ ಮಾರಾಟವಾಗುವುದು ಹೊತ್ತು. ಒಂದು ‘ಅಥರ್’ ಅಂದರೆ ಅರ್ಧ ಗಂಟೆಯ ಪೂರ್ತಿ ಹರಿವು. 48 ಅಥರ್ ಸೇರಿದರೆ ಒಂದು ಹಗಲು-ರಾತ್ರಿ, ಅದರ ಅರ್ಧ, ಅಂದರೆ 24 ಅಥರ್, ಒಂದು ‘ಬಾದ್ದಾ’. ಹತ್ತು ದಿನಕ್ಕೊಮ್ಮೆ ಸರದಿ ಬರುವ ಊರಿನಲ್ಲಿ ಒಟ್ಟು 480 ಅಥರ್, ಪ್ರತಿಯೊಂದೂ ಯಾರದೋ ಖಾತೆಯಲ್ಲಿ. ಹಗಲಲ್ಲಿ ನೆಟ್ಟ ಕೋಲಿನ ನೆರಳು, ಇರುಳಲ್ಲಿ ನಕ್ಷತ್ರ ನೋಡಿ ಹೊತ್ತು ಅಳೆಯುತ್ತಿದ್ದರು. ಈಗ ಬಹುತೇಕ ಕಡೆ ಕೈಗಡಿಯಾರ. ಇದನ್ನೆಲ್ಲ ನಡೆಸುವವನು ವಕೀಲ್. ಕೋರ್ಟಿನವನಲ್ಲ, ನಮ್ಮ ನೀರುಗಂಟಿಯ ಮೇಲಿನ ಯಜಮಾನ. ಕೈಕೆಳಗೆ ಸರದಿ ನೋಡುವ ಆರಿಫ್, ಲೆಕ್ಕ ಬರೆಯುವವನು, ಹರಾಜು ಕೂಗುವ ದಲ್ಲಾಲ್. ಫಲಜ್‌ನ ಹೆಸರಿನಲ್ಲೇ ಇರುವ ಅಥರ್‌ಗಳನ್ನು ಹರಾಜು ಹಾಕಿ, ಬಂದ ಹಣದಲ್ಲಿ ರಿಪೇರಿ. ಕುಡಿಯುವ ನೀರು ಮಾತ್ರ ಯಾರಿಗಾದರೂ ಬಿಟ್ಟಿ: ಊರಿಗೆ ಬಂದ ಕೂಡಲೇ ಮೊದಲ ತೆರಪು ಅದಕ್ಕೆ, ಆಮೇಲೆ ಮಸೀದಿ, ಸ್ನಾನ, ಖರ್ಜೂರ, ಕೊನೆಗೆ ಹಂಗಾಮಿನ ಬೆಳೆ. ಬರ ಬಂದರೆ ಹಂಗಾಮಿನ ಹೊಲ ಬೀಳು ಬಿಡುತ್ತಾರೆ, ಮರ ಉಳಿಯುತ್ತದೆ.

ಕೊರತೆಗಳೂ ಸಣ್ಣವಲ್ಲ. ಹೊತ್ತು ಕೊಂಡವನಿಗೆ ನೀರಿನ ಪ್ರಮಾಣದ ಖಾತ್ರಿಯಿಲ್ಲ. ಹರಿವು ಅರ್ಧಕ್ಕಿಳಿದರೂ ಅವನ ಅಥರ್ ಅರ್ಧ ಗಂಟೆಯೇ. ನಲ್ಲಿಯ ಹಾಗೆ ಮುಚ್ಚಲಾಗದ್ದರಿಂದ ಬೇಡದ ಚಳಿಗಾಲದ ರಾತ್ರಿಯೂ ಹರಿಯುತ್ತಲೇ ಇರುತ್ತದೆ. ಸರದಿ ಬದಲಾದಾಗ ನೀರು ಒಣ ಕಾಲುವೆಯನ್ನು ತೋಯಿಸಿ ಹೊಲ ಮುಟ್ಟುವಷ್ಟರಲ್ಲಿ ಒಂದಿಷ್ಟು ನಿಮಿಷ ಹೋಗಿರುತ್ತದೆ. ಕಾಲುವೆಯ ಕೊನೆಯಂಚಿನ ರೈತರ ಗೋಳು ತುಂಗಭದ್ರಾ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಇದೆಲ್ಲಕ್ಕಿಂತ ದೊಡ್ಡ ಏಟು ಕೊಳವೆಬಾವಿಯದು. ತಾಯಿಬಾವಿಯ ಸುತ್ತ ಪಂಪು ಎಳೆದಷ್ಟೂ ಅಂತರ್ಜಲ ಸುರಂಗದ ತಳಕ್ಕಿಂತ ಕೆಳಗಿಳಿಯುತ್ತದೆ. ತಾಯಿಬಾವಿಯಾಚೆಗೆ ಸುರಂಗ ಮುಂದುವರಿಸಬಹುದು, ಆದರೆ ಆ ಕೆಲಸ ಬಲ್ಲವರು ಕಡಿಮೆ, ಖರ್ಚು ಹೆಚ್ಚು.

ನೋಡಹೋಗುವವರು ದಾರಿಸ್ ಒಂದಕ್ಕೇ ನಿಲ್ಲಬೇಡಿ. ಹತ್ತಿರದ ಬಿರ್ಕತ್ ಅಲ್ ಮೌಜ್‌ನಲ್ಲಿ ಫಲಜ್ ಅಲ್ ಖತ್ಮೀನ್ ಮೂರು ಸಮ ಕವಲಾಗಿ ಒಡೆಯುವ ಜಾಗ ಇದೆ; ಹಂಚಿಕೆ ಕಣ್ಣಿಗೆ ಕಾಣುವುದು ಅಲ್ಲಿ. ಸೋಪು ಹಚ್ಚಿ ಕಾಲುವೆಗೆ ಇಳಿಯಬೇಡಿ. ತೋಟದ ಪಕ್ಕ ಚಿಂದಿಬಟ್ಟೆ ಸುತ್ತಿ ತೆರಪಿಗೆ ಜಡಿದ ಕಲ್ಲು ಕಂಡರೆ ಮಕ್ಕಳನ್ನು ಅದರಿಂದ ದೂರವಿಡಿ. ಅದೇ ಇಲ್ಲಿನ ತೂಬು. ಕಿತ್ತರೆ ಯಾರದೋ ಅರ್ಧ ಗಂಟೆ ಪಕ್ಕದವನ ಹೊಲಕ್ಕೆ ಹೋಗುತ್ತದೆ.