ಮಂಡಿನೋವಿಗೆ ನಾಲ್ಕು ಔಷಧ: ಮೆಟ್ಟಿಲಿನ ಲೆಕ್ಕ, ಬಿಪಿಯ ಲೆಕ್ಕ

ಶಿರಸಿ ಸಮೀಪದ ನಮ್ಮ ಮನೆಯಿಂದ ಅಡಕೆ ತೋಟಕ್ಕೆ ಇಳಿಯಲು 42 ಮೆಟ್ಟಿಲುಗಳಿವೆ. ಎರಡೂ ಮಂಡಿಗಳಲ್ಲಿ ಸವೆತವಿದೆ ಎಂದು ಎಕ್ಸ್‌ರೇಯಲ್ಲಿ ತಿಳಿದ ಮೇಲೆ, ಎರಡು ವರ್ಷಗಳಲ್ಲಿ ನಾಲ್ಕು ಬಗೆಯ ನೋವಿನ ಔಷಧಗಳನ್ನು ಬಳಸಿ, ಪ್ರತಿಯೊಂದರ ಗುಣವನ್ನೂ ಈ ಮೆಟ್ಟಿಲುಗಳ ಮೇಲೆಯೇ ನೋಡಿದ್ದೇನೆ. ನನಗೆ 66 ವರ್ಷ, ತೂಕ 48 ಕಿಲೋ, ಬಿಪಿಗೆ ದಿನವೂ ಟೆಲ್ಮಿಸಾರ್ಟಾನ್ 40 ತೆಗೆದುಕೊಳ್ಳುತ್ತೇನೆ. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಬಿಪಿ ಇಲ್ಲದ ನಲವತ್ತರ ಹರೆಯದವರಿಗೆ ನನ್ನ ತೀರ್ಮಾನ ಹೊಂದಬೇಕೆಂದೇನಿಲ್ಲ.

ಮೊದಲು ನುಂಗಿದ್ದು ಅಸೆಕ್ಲೋಫೆನಾಕ್ 100 ಮತ್ತು ಪ್ಯಾರಸಿಟಮಾಲ್ 325 ಮಿಲಿಗ್ರಾಂ ಕೂಡಿರುವ ಜೋಡಿ ಮಾತ್ರೆ. ಬೆಳಿಗ್ಗೆ ಒಂದು, ರಾತ್ರಿ ಒಂದು, ಐದು ದಿನಕ್ಕೆಂದು ವೈದ್ಯರು ಬರೆದುಕೊಟ್ಟಿದ್ದರು. ನುಂಗಿದ ಒಂದು ತಾಸಿನೊಳಗೆ ಮಂಡಿ ಹಗುರಾಗುತ್ತಿತ್ತು. ಆ ಸುಖಕ್ಕೆ ಒಗ್ಗಿಹೋಗಿ, ಐದು ದಿನ ಮುಗಿದ ಮೇಲೂ ಹಳೆಯ ಚೀಟಿಯನ್ನೇ ತೋರಿಸಿ ಔಷಧದ ಅಂಗಡಿಯಿಂದ ಮತ್ತೆ ಮತ್ತೆ ತಂದೆ. ಮೂರನೆಯ ವಾರದಲ್ಲಿ ಎದೆಯುರಿ ಶುರುವಾಯಿತು. ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುವ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವಿನ ಉತ್ಪತ್ತಿಯನ್ನೇ ಅಸೆಕ್ಲೋಫೆನಾಕ್ ಜಾತಿಯ ಮಾತ್ರೆಗಳು ತಗ್ಗಿಸುತ್ತವೆ. ಊಟವಾದ ಮೇಲೆ ನುಂಗಿದರೆ ಉರಿ ಕಡಿಮೆಯಾದೀತು, ಆದರೆ ಹುಣ್ಣಿನ ಅಪಾಯ ಅದರಿಂದ ತಪ್ಪುವುದಿಲ್ಲ.

ಅದೇ ಸಮಯಕ್ಕೆ ಜ್ವರ ಬಂದು, 650ರ ಪ್ಯಾರಸಿಟಮಾಲ್ ಅನ್ನು ದಿನಕ್ಕೆ ನಾಲ್ಕು ಬಾರಿ ತೆಗೆದುಕೊಂಡಿದ್ದೆ. ವೈದ್ಯರು ಎರಡೂ ಸ್ಟ್ರಿಪ್ಪುಗಳನ್ನು ಮೇಜಿನ ಮೇಲೆ ಮಗುಚಿಟ್ಟು, "ಅಕ್ಕೋರೇ, ಮಕ್ಕಳಿಗೆ ಕೂಡಿಸುವ ಲೆಕ್ಕ ಕಲಿಸಿದವರು ನೀವು, ಇದನ್ನೊಮ್ಮೆ ಕೂಡಿಸಿ" ಎಂದರು. ಜ್ವರದ ಮಾತ್ರೆಯಿಂದ 2600, ಜೋಡಿ ಮಾತ್ರೆಯಲ್ಲಿ ಅಡಗಿದ್ದ 650, ಒಟ್ಟು 3250 ಮಿಲಿಗ್ರಾಂ. ಆರೋಗ್ಯವಂತ ವಯಸ್ಕರಿಗೂ ದಿನದ ಮಿತಿ 4000, ನನ್ನಂತೆ ತೂಕ ಕಡಿಮೆಯಿರುವ ವೃದ್ಧರಿಗೆ ಅದಕ್ಕಿಂತ ಸಾಕಷ್ಟು ಕಡಿಮೆ. ಮೀರಿದರೆ ಪೆಟ್ಟು ಬೀಳುವುದು ಯಕೃತ್ತಿಗೆ. ಅಂದಿನಿಂದ ಯಾವ ಮಾತ್ರೆಯನ್ನೂ ಸ್ಟ್ರಿಪ್ಪಿನ ಹಿಂಬದಿಯ ಸಣ್ಣ ಅಕ್ಷರ ಓದದೆ ಬಾಯಿಗೆ ಹಾಕಿಲ್ಲ.

ಎರಡನೆಯದು ಎಟೋರಿಕಾಕ್ಸಿಬ್ 60, ದಿನಕ್ಕೆ ಒಂದೇ ಮಾತ್ರೆ. ನೋವು ನಿವಾರಣೆಯೊಂದನ್ನೇ ನೋಡುವುದಾದರೆ ನಾಲ್ಕರಲ್ಲಿ ಇದೇ ಮೊದಲು. ಬೆಳಗಿನ ದೋಸೆಯ ನಂತರ ನುಂಗಿದರೆ ಮರುದಿನ ಬೆಳಗಿನವರೆಗೂ ಗುಣ ನಿಲ್ಲುತ್ತಿತ್ತು. ಎದೆಯುರಿ ಇರಲಿಲ್ಲ, ಕೈಕಂಬ ಹಿಡಿಯದೆ 42 ಮೆಟ್ಟಿಲನ್ನೂ ಇಳಿದೆ. ಆದರೆ ಹತ್ತನೆಯ ದಿನ ಸಂಜೆ ಚಪ್ಪಲಿ ಕಳಚಿದಾಗ ಅದರ ಪಟ್ಟಿಯ ಗುರುತು ಪಾದದಲ್ಲಿ ಗುಳಿಯಾಗಿ ಉಳಿದಿತ್ತು. ಬೆರಳಿನಿಂದ ಒತ್ತಿದಲ್ಲೆಲ್ಲ ಹಳ್ಳ ಬೀಳುತ್ತಿತ್ತು. ಯಾವಾಗಲೂ 130/80ರ ಆಸುಪಾಸಿನಲ್ಲಿರುತ್ತಿದ್ದ ಬಿಪಿ ಅಂದು 156/94 ಇತ್ತು. ಹೊಟ್ಟೆಗೆ ಸೌಮ್ಯವಾದ ಈ ಮಾತ್ರೆ ಮೂತ್ರಪಿಂಡಕ್ಕೆ ಸೌಮ್ಯವಲ್ಲ. ದೇಹದಲ್ಲಿ ಉಪ್ಪು ಮತ್ತು ನೀರು ನಿಲ್ಲುವಂತೆ ಮಾಡಿ, ಬಿಪಿ ಮಾತ್ರೆಯ ಕೆಲಸವನ್ನೂ ಕುಂದಿಸುತ್ತದೆ. ಮೇಲಿಂದ ನಾನು ಭರಣಿಯ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಎರಡು ಹೊತ್ತೂ ತಿನ್ನುತ್ತಿದ್ದೆ. ಬಿಪಿ ಹತೋಟಿಯಲ್ಲಿಲ್ಲದವರು ಮತ್ತು ಹೃದಯದ ರಕ್ತನಾಳದ ಕಾಯಿಲೆಯಿರುವವರು ಎಟೋರಿಕಾಕ್ಸಿಬ್ ತೆಗೆದುಕೊಳ್ಳಲೇಬಾರದು. ಇದೇ ಕುಲದ ರೋಫೆಕಾಕ್ಸಿಬ್ ಹೃದಯಾಘಾತದ ಅಪಾಯ ಹೆಚ್ಚಿಸುತ್ತದೆಂದು ಖಚಿತವಾದಾಗ 2004ರಲ್ಲಿ ಅದನ್ನು ಮಾರುಕಟ್ಟೆಯಿಂದಲೇ ಹಿಂಪಡೆಯಲಾಯಿತು.

ನನ್ನಲ್ಲಿ ಆರು ಮಾತ್ರೆಗಳು ಉಳಿದಿದ್ದವು. ಪಕ್ಕದ ಮನೆಯ ಭಾವ ಬಂದು, "ನಿಮಗೆ ಅಷ್ಟು ಗುಣ ಕೊಟ್ಟ ಮಾತ್ರೆ ಎರಡು ಇದ್ದರೆ ಕೊಡಿ, ಸೊಂಟ ಹಿಡಿದುಕೊಂಡಿದೆ" ಎಂದು ಕೇಳಿದರು. ಅವರಿಗೆ ಮಣಿಪಾಲದಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ, ದಿನವೂ ಆಸ್ಪಿರಿನ್ 75 ತೆಗೆದುಕೊಳ್ಳುತ್ತಾರೆ. ಕೊಡಲಿಲ್ಲ. ಅವರಿಗೆ ಬೇಸರವಾಯಿತು, ನನಗೂ ಕಷ್ಟವೆನಿಸಿತು, ಆದರೂ ಈಗ ಕೇಳಿದರೂ ಕೊಡುವವಳಲ್ಲ.

ಮೂರನೆಯದಾದ ಬರೀ ಪ್ಯಾರಸಿಟಮಾಲ್ ಕುರಿತು ಹೇಳುವುದು ಹೆಚ್ಚೇನಿಲ್ಲ. ಮಿತಿಯಲ್ಲಿದ್ದರೆ ಹೊಟ್ಟೆಗೆ, ಬಿಪಿಗೆ ಹೆಚ್ಚು ತೊಂದರೆ ಕೊಡಲಿಲ್ಲ, ಮಂಡಿಗೂ ಹೆಚ್ಚಿನ ಗುಣ ಕೊಡಲಿಲ್ಲ. ದೇವಿಮನೆ ಘಟ್ಟ ಇಳಿದು ಕುಮಟೆಗೆ ಬಸ್ಸಿನಲ್ಲಿ ಹೋಗುವ ದಿನ ಹೊರಡುವ ಮೊದಲು ಒಂದು ನುಂಗುತ್ತೇನೆ.

ನಾಲ್ಕನೆಯದು ಡೈಕ್ಲೋಫೆನಾಕ್ ಜೆಲ್. ಮುಲಾಮು ಹಚ್ಚಿದರೆ ಸವೆದ ಮಂಡಿ ಸರಿಯಾದೀತೇ ಎಂಬ ಅಸಡ್ಡೆ ನನಗಿತ್ತು, ಮೊದಲ ನಾಲ್ಕು ದಿನ ಗುಣವೂ ಕಾಣಲಿಲ್ಲ. ಒಂದು ವಾರದ ನಂತರ, ದಿನಕ್ಕೆ ಮೂರು ಬಾರಿ ತಪ್ಪದೆ ಹಚ್ಚಿದ ಮೇಲೆ, ಎಟೋರಿಕಾಕ್ಸಿಬ್ ಕೊಟ್ಟಿದ್ದ ಗುಣದ ಮುಕ್ಕಾಲು ಪಾಲು ಸಿಕ್ಕಿತು, ಬಿಪಿ ಮೇಲೇರಲಿಲ್ಲ. ಮಾತ್ರೆಗೆ ಹೋಲಿಸಿದರೆ ಜೆಲ್ಲಿನಿಂದ ರಕ್ತಕ್ಕೆ ಸೇರುವ ಔಷಧ ಸುಮಾರು ನೂರಕ್ಕೆ ಆರರಷ್ಟೇ. ಮಂಡಿ, ಬೆರಳಿನಂತಹ ಚರ್ಮಕ್ಕೆ ಹತ್ತಿರದ ಸಂದುಗಳಿಗೆ ಇದು ಒದಗುತ್ತದೆ, ಆಳದಲ್ಲಿರುವ ಸೊಂಟದ ಕೀಲಿಗೆ ಮುಟ್ಟುವುದಿಲ್ಲ. ಮಳೆಗಾಲದಲ್ಲಿ ಆರಲು ಹೊತ್ತು ಹಿಡಿದು ಸೀರೆಗೆ ಅಂಟುತ್ತದೆ. ಹಚ್ಚಿದ ಜಾಗಕ್ಕೆ ಬಿಸಿನೀರಿನ ಚೀಲ ಇಡಬಾರದು, ಬಿಗಿಯಾಗಿ ಪಟ್ಟಿ ಸುತ್ತಬಾರದು, ಕೈ ತೊಳೆಯದೆ ಕಣ್ಣು ಮುಟ್ಟಬಾರದು. ಜೆಲ್ ಹಚ್ಚುತ್ತಲೇ ಅದೇ ಜಾತಿಯ ಅಸೆಕ್ಲೋಫೆನಾಕ್, ಎಟೋರಿಕಾಕ್ಸಿಬ್‌ನಂತಹ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ನುಂಗಬಾರದು.

ಹೀಗಾಗಿ ನನ್ನ ಆಯ್ಕೆ ಜೆಲ್. ನೋವು ಉಲ್ಬಣಿಸಿದರೆ ಮಾತ್ರ, ವೈದ್ಯರು ಹೇಳಿದಷ್ಟೇ ದಿನ, ಬೆಳಗಿನ ತಿಂಡಿಗೆ ಅರ್ಧ ತಾಸು ಮೊದಲು ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ತೆಗೆದುಕೊಂಡು, ಮೊದಲಿನ ಜೋಡಿ ಮಾತ್ರೆ. ವಾಂತಿಭೇದಿಯಾದ ದಿನ ಅದೂ ಇಲ್ಲ, ಏಕೆಂದರೆ ನೀರಿನಂಶ ಇಳಿದ ದೇಹದಲ್ಲಿ ಬಿಪಿ ಮಾತ್ರೆಯೂ ನೋವಿನ ಮಾತ್ರೆಯೂ ಸೇರಿದರೆ ಮೂತ್ರಪಿಂಡ ಸೋಲಬಹುದು. ಮಲ ಡಾಂಬರಿನಂತೆ ಕಪ್ಪಾದರೆ, ಮೂತ್ರ ಕಡಿಮೆಯಾದರೆ, ಎದೆ ಹಿಡಿದಂತಾದರೆ ಕಷಾಯ ಕುಡಿದು ಕಾಯದೆ ಕೂಡಲೇ ಆಸ್ಪತ್ರೆಗೆ ಹೊರಡಬೇಕೆಂದು ಮನೆಯವರಿಗೂ ಹೇಳಿಟ್ಟಿದ್ದೇನೆ. ಮೂತ್ರಪಿಂಡದ ಸ್ಥಿತಿ ತಿಳಿಸುವ ಮುಂದಿನ ಕ್ರಿಯಾಟಿನಿನ್ ಪರೀಕ್ಷೆ ಅಡಕೆಯ ಕೊನೆಕೊಯ್ಲು ಮುಗಿದ ಮೇಲೆ ಇದೆ. ಮಂಡಿಯೊಳಗೆ ಚುಚ್ಚುಮದ್ದು ಕೊಡಬೇಕೋ ಬೇಡವೋ ಎಂಬುದನ್ನು ವೈದ್ಯರು ಅದನ್ನು ನೋಡಿದ ಮೇಲೆ ತಿಳಿಸುವವರಿದ್ದಾರೆ.