ದರದ ಪುಟ ಮಾಡಿಸುವವರು ದಯವಿಟ್ಟು ಓದಿ, ನಾನು ಮೋಸ ಹೋದೆ

ಶಿರಸಿಯಲ್ಲಿ ನಮ್ಮದು ಸಣ್ಣ ಅಡಿಕೆ ವಖಾರಿ. ದಿನದ ದರ ತೋರಿಸೋಕೆ ಪಿಎಚ್‌ಪಿ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ವೆಬ್ ಪುಟ ಮಾಡಿಸಿದೆ. 12,000 ರೂಪಾಯಿ ಪೂರ್ತಿ ಮೊದಲೇ ಕೊಟ್ಟೆ. ಹಾಗೆ ಕೊಡಬಾರದಿತ್ತು.

ಬೆಳಿಗ್ಗೆ ನಾನು ಅಡಿಕೆಯ ಬಗೆ, ಅದರ ಕ್ವಿಂಟಲ್ ದರ ಅಂತ ಒಂದೇ ಸಾಲು ತುಂಬಬೇಕು: ರಾಶಿ:47,500, ಚಾಲಿ:41,000, ಬೆಟ್ಟೆ:38,000. ಮೊದಲ ದಿನವೇ ರಾಶಿ ಕ್ವಿಂಟಲಿಗೆ 47 ರೂಪಾಯಿ ಅಂತ ಬಂತು! ಇಪ್ಪತ್ತು ವರ್ಷದಿಂದ ನಮಗೇ ಅಡಿಕೆ ಹಾಕುವ ಸಿದ್ದಾಪುರದ ಕಡೆಯವರೊಬ್ಬರು ಫೋನ್ ಮಾಡಿ, "ಏನು ಮಾರಾಯಾ, 47 ರೂಪಾಯಿಗೆ ಕೊಡಬೇಕಾ?" ಅಂದರು. ನನಗೆ ಮಾತೇ ಬರಲಿಲ್ಲ.

ಮಾಡಿಕೊಟ್ಟವನನ್ನು ಕೇಳಿದೆ. "ನಿಮ್ಮ ಡೇಟಾನೇ ಸರಿ ಇಲ್ಲ ಸರ್. ಸಂಖ್ಯೆಯೊಳಗೆ ಯಾರು ಕಾಮಾ ಹಾಕ್ತಾರೆ?"

ಯಾರು ಹಾಕ್ತಾರೆ ಅಂದ್ರೆ? ದರ ಬರೆಯುವವರೆಲ್ಲ ಹಾಕ್ತಾರೆ!

ಆದರೂ ಕಾಮಾ ತೆಗೆದು ಹಾಕಿದೆ. ಈಗ ರಾಶಿ ಸರಿ, ಚಾಲಿ ಮತ್ತು ಬೆಟ್ಟೆ ಖಾಲಿ. "ಅದಕ್ಕೆ ಡೇಟಾ ಕ್ಲೀನಿಂಗ್ ಬೇಕು ಸರ್, 3,000 ಆಗ್ತದೆ." ಕೊಟ್ಟೆ. ಸರಿಯಾಯಿತು.

ಮೊನ್ನೆ ಅಕ್ಕನ ಮಗ ಬಂದವನು ಹಳೆ ಫೈಲು, ಹೊಸ ಫೈಲು ಎರಡನ್ನೂ ಪಕ್ಕಪಕ್ಕ ತೆರೆದ. "ಮಾವಾ, ಇಲ್ಲಿ ನೋಡು." ಬದಲಾಗಿದ್ದು ಒಂದೇ ಪದ, ಟ್ರಿಮ್. ಅಂದ್ರೆ ಪದದ ಶುರು, ಕೊನೆಯಲ್ಲಿರುವ ಖಾಲಿ ಜಾಗ ತೆಗೆಯೋದು. ಕಾಮಾ ಆದ ಮೇಲೆ ನಾನು ಬಿಟ್ಟ ಜಾಗ ಚಾಲಿ ಪದದ ಶುರುವಿಗೇ ಅಂಟಿಕೊಂಡು ಕೀ (ದರ ಹುಡುಕುವ ಹೆಸರು) ಆಗಿತ್ತು, ಅದಕ್ಕೇ ಸಿಗುತ್ತಿರಲಿಲ್ಲ. ಆ ಒಂದು ಪದಕ್ಕೆ 3,000!

ಅದಕ್ಕಿಂತ ಸಿಟ್ಟು ಬಂದಿದ್ದು ಇನ್ನೊಂದಕ್ಕೆ. ಎಕ್ಸ್‌ಪ್ಲೋಡ್ ಅನ್ನೋ ಪಿಎಚ್‌ಪಿ ಆಜ್ಞೆಯಿಂದ ಸಾಲನ್ನು ಕಾಮಾ ಇದ್ದಲ್ಲೆಲ್ಲ ತುಂಡು ಮಾಡಿದರೆ "500" ಬೇರೆ ತುಂಡಾಗ್ತದೆ. ಅದರಲ್ಲಿ ಕೋಲನ್ (:) ಇಲ್ಲ. ಹಾಗಾಗಿ ಕೋಲನ್ ಆಚೆಯ ಬೆಲೆ ಕೇಳಿದಾಗ ಪಿಎಚ್‌ಪಿ ಎಚ್ಚರಿಕೆ ಕೊಡ್ತದೆ. ಪುಟ ಮಾಡಿಕೊಟ್ಟವನು ಕೋಡಿನ ಆ ಸಾಲಿನಲ್ಲಿ @ ಚಿಹ್ನೆ ಹಾಕಿ ಎಚ್ಚರಿಕೆಯನ್ನೇ ಮುಚ್ಚಿಟ್ಟಿದ್ದ. ಅಂದ್ರೆ ಅವನಿಗೆ ಗೊತ್ತಿತ್ತು! ಗೊತ್ತಿದ್ದೇ ನನ್ನ ಡೇಟಾ ಸರಿ ಇಲ್ಲ ಅಂದ.

ಹುಡುಗ ಹತ್ತು ನಿಮಿಷದಲ್ಲಿ ಸರಿ ಮಾಡಿದ. ಜೋಡಿಗಳ ನಡುವೆ ಸೆಮಿಕೋಲನ್, ಆಮೇಲೆ ಕೋಲನ್‌ನಲ್ಲಿ ಎರಡೇ ತುಂಡು, ಎರಡಕ್ಕೂ ಟ್ರಿಮ್, ಬೆಲೆಯೊಳಗಿನ ಕಾಮಾ ತೆಗೆಯೋದು. ಅಷ್ಟೇ.

ನೀವು ಮಾಡಿಸುವಾಗ ಕಾಮಾ ಇರುವ ದರ ಹಾಕಿ ನೋಡಿ, ಜಾಗ ಬಿಟ್ಟು ನೋಡಿ. ಚಾಲಿ ಅಂತ ಎರಡು ಸಲ ಬರೆದೂ ನೋಡಿ. ಅರೇಯಲ್ಲಿ (ಹೆಸರು, ದರ ಜೋಡಿಸಿಡುವ ಪಟ್ಟಿಯಲ್ಲಿ) ಒಂದೇ ಕೀ ಎರಡು ಸಲ ಬಂದರೆ ಮೊದಲಿನ ದರ ಹೋಗಿ ಕೊನೆಯದಷ್ಟೇ ಉಳಿಯುತ್ತದೆ. ನಾವೀಗ ಹಳೆ ಚಾಲಿ, ಹೊಸ ಚಾಲಿ ಅಂತಲೇ ಬರೆಯುತ್ತೇವೆ. ಇದೆಲ್ಲ ನೋಡುವವರೆಗೆ ಪೂರ್ತಿ ದುಡ್ಡು ಕೊಡಲೇಬೇಡಿ.

3,000 ವಾಪಸ್ ಕೇಳಿದ್ದೇನೆ. "ಸರ್ವಿಸ್ ಕೊಟ್ಟಾಗಿದೆ ಸರ್" ಅಂತ ಒಂದು ಮೆಸೇಜು ಬಂತು. ಆಮೇಲೆ ಫೋನ್ ಎತ್ತುತ್ತಿಲ್ಲ.