ಹಳೆಯ ರಿಗ್ಬಿ ರೈಫಲ್‌ಗೆ ಹೊಸ ಮರ: ಯಾವ ಹಲಗೆ, ಯಾವ ಎಣ್ಣೆ, ಯಾವ ಕಪ್ಪು?

ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ ಜಿಮ್ ಕಾರ್ಬೆಟ್‌ಗೆ 1907ರಲ್ಲಿ ಉಡುಗೊರೆಯಾಗಿ ಬಂದದ್ದು ಲಂಡನ್ನಿನ ಜಾನ್ ರಿಗ್ಬಿ ಕಂಪನಿಯ .275 ರೈಫಲ್. ಅದರ ಆಕ್ಷನ್ (ತೋಟಾ ತುಂಬಿ ಸಿಡಿಸುವ ಉಕ್ಕಿನ ಭಾಗ) ಜರ್ಮನಿಯ ಮೌಸರ್ 98, ತೋಟಾ 7×57 ಮೌಸರ್. ಮರ, ಗುರಿ ಹಿಡಿಯುವ ಸೈಟು, ತೂಕದ ಹದ, ಲೋಹದ ಮೇಲಿನ ಕಪ್ಪು ಬಣ್ಣ ಇವೆಲ್ಲ ಲಂಡನ್ನಿನವು. ಹಾಗಾಗಿ ಇಂಥ ರೈಫಲ್ಲನ್ನು ಸರಿಪಡಿಸುವಾಗ ನಾವು ಕೈಹಾಕುವುದು ಅದರ ಇಂಗ್ಲಿಷ್ ಪಾಲಿಗೇ. ಅಲ್ಲಿ ತಪ್ಪು ಮಾಡಿದರೆ ಉಳಿಯುವುದು ಬರೀ ಮೌಸರ್.

ನೂರು ವರ್ಷ ದಾಟಿದ ಈ ರೈಫಲ್‌ಗಳು ರಿಪೇರಿಗೆ ಬರುವ ಸ್ಥಿತಿ ಹೆಚ್ಚುಕಡಿಮೆ ಒಂದೇ. ಟ್ಯಾಂಗ್ (ಆಕ್ಷನ್ನಿನ ಬಾಲದಂಥ ಹಿಂತುದಿ) ಹಿಂದೆ ಮರ ಸೀಳಿರುತ್ತದೆ, ಗ್ರಿಪ್ (ಕೈಯಲ್ಲಿ ಹಿಡಿಯುವ ಜಾಗ) ಎಣ್ಣೆ ಕುಡಿದು ಕಪ್ಪಾಗಿರುತ್ತದೆ, ನಡುವೆ ಯಾರೋ ಉಪ್ಪುಕಾಗದ ಉಜ್ಜಿ ವಾರ್ನಿಶ್ ಬಳಿದಿರುತ್ತಾರೆ, ನಳಿಗೆ ಕಂದಾಗಿರುತ್ತದೆ. ಇದಕ್ಕೆ ಜನ ಹಿಡಿಯುವ ಬೇರೆ ಬೇರೆ ದಾರಿಗಳನ್ನು ಮಾಡಿ ನೋಡಿದ ಮೇಲಿನ ಹೋಲಿಕೆ ಇದು. ಕೆಲಸ ಶುರುವಾಗುವ ಮೊದಲೇ ಒಂದು ಮಾತು: ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ರಿಪೇರಿಗೂ ಪರವಾನಗಿ ಬೇಕು. ಬ್ರಿಟನ್ನಿನಲ್ಲಿ ಆಕ್ಷನ್ ಇಟ್ಟುಕೊಂಡು ಕೆಲಸ ಮಾಡುವವರು ನೋಂದಾಯಿತ ಡೀಲರ್ ಆಗಿರಬೇಕು. ಕೊಡಗು, ಮಲೆನಾಡಿನ ಮನೆಗಳಲ್ಲಿ ಹಿರಿಯರಿಂದ ಬಂದ ಇಂಥ ಕೋವಿ ಇದ್ದರೆ ಅದರ ಕೆಲಸ ಪರವಾನಗಿ ಇರುವ ಅಂಗಡಿಯಲ್ಲೇ ಆಗಬೇಕು. ಏನು ಮಾಡಿಸಬೇಕು, ಏನು ಮಾಡಿಸಬಾರದು ಎಂಬುದನ್ನು ಮಾತ್ರ ಮಾಲೀಕರು ತಿಳಿದಿರಬೇಕು.

ಹಳೆ ಮರ ಉಳಿಸುವುದೋ, ಹೊಸತು ಹಾಕುವುದೋ

ಉಳಿಸಲು ಸಾಧ್ಯವಿದ್ದರೆ ಉಳಿಸಿ. ಸಾಧ್ಯವೇ ಇಲ್ಲವೇ ಎಂದು ನೋಡಲು ಎರಡು ಪರೀಕ್ಷೆ ಸಾಕು. ಮೊದಲನೆಯದು, ಆಕ್ಷನ್ ತೆಗೆದು ಟ್ಯಾಂಗ್ ಕೂರುವ ಜಾಗದ ಮರಕ್ಕೆ ಉಗುರು ಒತ್ತುವುದು. ಗಟ್ಟಿಯಿದ್ದರೆ ಮರ ಬದುಕಿದೆ. ಬೆಣ್ಣೆಯಂತೆ ಒಳಗಿಳಿದರೆ ದಶಕಗಳ ಗನ್ ಆಯಿಲ್ ನಾರನ್ನು ಸಡಿಲ ಮಾಡಿದೆ ಎಂದರ್ಥ. ಎರಡನೆಯದು, ಮರ ಮತ್ತು ಲೋಹ ಸೇರುವ ಅಂಚು ನೋಡುವುದು. ಹೊಸದರಲ್ಲಿ ಮರ ಲೋಹಕ್ಕಿಂತ ಕೂದಲೆಳೆಯಷ್ಟು ಎತ್ತರವಿರುತ್ತದೆ. ಉಜ್ಜಿ ಉಜ್ಜಿ ಲೋಹಕ್ಕಿಂತ ಕೆಳಗೆ ಇಳಿದಿದ್ದರೆ ಆಕಾರ ಹೋಯಿತು, ಅದನ್ನು ಮರಳಿ ತರಲಾಗದು.

ಮರ ಗಟ್ಟಿಯಿದ್ದು ಸೀಳು ಮಾತ್ರ ಇದ್ದರೆ, ಸೀಮೆಸುಣ್ಣದ ಪುಡಿಯನ್ನು ಅಸಿಟೋನ್‌ನಲ್ಲಿ ಕಲಸಿ ದಪ್ಪವಾಗಿ ಮೆತ್ತಿ. ಒಣಗಿದಂತೆ ಪುಡಿ ಎಣ್ಣೆಯನ್ನು ಎಳೆದುಕೊಂಡು ಹಳದಿಯಾಗುತ್ತದೆ. ಕೆಡವಿ ಮತ್ತೆ ಮೆತ್ತಿ, ಪುಡಿ ಬಿಳಿಯಾಗಿಯೇ ಉಳಿಯುವವರೆಗೆ. ಈ ಹಂತದಲ್ಲಿ ಅವಸರ ಮಾಡಿದರೆ ಅಂಟು ಹಿಡಿಯುವುದು ಮರವನ್ನಲ್ಲ, ಎಣ್ಣೆಯನ್ನು. ಮೊದಲ ಕೆಲವು ಈಡಿಗೇ ಸೀಳು ಬಾಯಿಬಿಡುತ್ತದೆ. ಆಮೇಲೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಅಂಟನ್ನು ಸ್ವಲ್ಪ ಬಿಸಿಗಾಳಿ ಕೊಟ್ಟು ಸೀಳಿನೊಳಗೆ ಹರಿಸಿ, ಸೀಳಿಗೆ ಅಡ್ಡಲಾಗಿ ಸ್ಕ್ರೂವಿನಂತೆ ಎಳೆಯಿರುವ 3 ಮಿ.ಮೀ. ಹಿತ್ತಾಳೆ ಕಡ್ಡಿ ಕೂರಿಸಿ, ಒಂದು ದಿನ ಬಿಗಿದಿಡಿ. ಐದು ನಿಮಿಷದ ಎಪಾಕ್ಸಿ ಬೇಡ. ಅದು ಆಳಕ್ಕೆ ಇಳಿಯುವ ಮೊದಲೇ ಗಟ್ಟಿಯಾಗುತ್ತದೆ.

ಹೊಸ ಮರ ಹಾಕಿದರೂ ಹಳೆಯದನ್ನು ಎಸೆಯಬೇಡಿ. ಉದ್ದ, ಇಳಿಜಾರು, ಗ್ರಿಪ್ಪಿನ ಸುತ್ತಳತೆ, ಚೆಕರಿಂಗಿನ (ಕೈಜಾರದಂತೆ ಮರದಲ್ಲಿ ಕೊರೆಯುವ ಅಡ್ಡಗೆರೆಗಳ) ನಕ್ಷೆ ಎಲ್ಲಕ್ಕೂ ಅದೇ ಮಾದರಿ. ಮುಂದೆ ರೈಫಲ್ ಕೈಬದಲಾದರೆ ಅದೂ ಜೊತೆಗೇ ಹೋಗಬೇಕು.

ಹಲಗೆ: ಅಕ್ರೋಟು, ಕರಿ ಅಕ್ರೋಟು, ಬೀಟೆ

ಲಂಡನ್ನಿನವರು ಬಳಸಿದ್ದು ಯುರೋಪಿನ ಅಕ್ರೋಟು. ಇಂದು ಒಳ್ಳೆಯ ಹಲಗೆ ಹೆಚ್ಚಾಗಿ ಟರ್ಕಿಯಿಂದ ಬರುತ್ತದೆ. ಕಾಶ್ಮೀರದ ಅಕ್ರೋಟು ಕೂಡ ಅದೇ ಜಾತಿ. ಅಮೆರಿಕದ ಕರಿ ಅಕ್ರೋಟು ಬೇರೆ ಜಾತಿ. ಅಗ್ಗ, ಸುಲಭವಾಗಿ ಸಿಗುತ್ತದೆ, ಉಳಿಗೆ ಚೆನ್ನಾಗಿ ಬಗ್ಗುತ್ತದೆ. ಎರಡರ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ವ್ಯತ್ಯಾಸ ಕಾಣುವುದು ರಂಧ್ರದಲ್ಲಿ. ಕರಿ ಅಕ್ರೋಟಿನ ರಂಧ್ರ ದೊಡ್ಡದು. ಅದನ್ನು ತುಂಬಿಸಲು ದುಪ್ಪಟ್ಟು ಕೆಲಸ, ಮತ್ತು ಇಂಚಿಗೆ 24 ಗೆರೆಯ ಚೆಕರಿಂಗ್ ಕೊರೆಯುವಾಗ ಗೆರೆಗಳ ನಡುವಿನ ವಜ್ರಾಕಾರದ ತುದಿಗಳು ಉದುರುತ್ತವೆ. ಅದರಲ್ಲಿ 20ಕ್ಕೆ ನಿಲ್ಲಬೇಕಾಗುತ್ತದೆ. 20 ಗೆರೆಯ ಚೆಕರಿಂಗ್ ಹಳೆ ರಿಗ್ಬಿಯ ಮೇಲೆ ದೂರದಿಂದಲೇ ತಪ್ಪಾಗಿ ಕಾಣುತ್ತದೆ.

ನಮ್ಮ ಕಡೆಯವರು ಕೇಳುವ ಪ್ರಶ್ನೆ ಬೀಟೆಯದು. ಬೀಟೆ ಚೆಂದ, ಗಟ್ಟಿ, ಗೆದ್ದಲಿಗೂ ಜಗ್ಗದು. ಆದರೆ ಈ ಕೆಲಸಕ್ಕೆ ಅದು ಬೇಡ. ಅಕ್ರೋಟು ಘನ ಮೀಟರಿಗೆ 640 ಕಿಲೋ ಆಸುಪಾಸು ತೂಗಿದರೆ ಬೀಟೆ 800 ದಾಟುತ್ತದೆ. ಹಗುರವೇ ಗುಣವಾಗಿರುವ .275ರ ಸಮತೋಲವೆಲ್ಲ ಹಿಂದಕ್ಕೆ ವಾಲುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಬೀಟೆಯೊಳಗಿನ ಸಹಜ ಎಣ್ಣೆ ಅಗಸೆ ಎಣ್ಣೆಯನ್ನು ಒಣಗಲು ಬಿಡುವುದಿಲ್ಲ. ವಾರಗಟ್ಟಲೆ ಅಂಟಂಟು. ಎಪಾಕ್ಸಿಯೂ ಅಸಿಟೋನ್‌ನಿಂದ ಆಗಷ್ಟೇ ಒರೆಸಿದ ಮೈಗೆ ಮಾತ್ರ ಹಿಡಿಯುತ್ತದೆ.

ಹಲಗೆಯ ಅಳತೆ ಸುಮಾರು 860 × 180 × 65 ಮಿ.ಮೀ., ತೇವಾಂಶ ಶೇಕಡ 8ರಿಂದ 10 ಇರಲಿ. ಬಹುತೇಕರು ಹಲಗೆ ಆರಿಸುವುದು ಬಟ್ಟಿನ (ಹೆಗಲಿಗೆ ಒತ್ತುವ ಹಿಂಭಾಗದ) ಮೇಲಿನ ಹೊಗೆಬಣ್ಣದ ಗೆರೆ ನೋಡಿ. ನೋಡಬೇಕಾದ್ದು ಗ್ರಿಪ್. ಅಲ್ಲಿ ಮರದ ಎಳೆ ಗ್ರಿಪ್ಪಿನ ಬಾಗಿನ ಜೊತೆಗೇ ಹರಿದಿರಬೇಕು. ಎಳೆ ಅಡ್ಡಹಾಯ್ದು ಹೊರಬಿದ್ದಿದ್ದರೆ ಎಷ್ಟು ಚಿತ್ತಾರವಿದ್ದರೂ ಆ ಹಲಗೆ ಬಿಟ್ಟುಬಿಡಿ. ರೈಫಲ್ ಒಮ್ಮೆ ಕೈಜಾರಿ ಬಿದ್ದರೆ ಮುರಿಯುವುದು ಅಲ್ಲೇ. ಫೋರೆಂಡಿನಲ್ಲಿ (ನಳಿಗೆಯ ಕೆಳಗಿನ ಮುಂಭಾಗದಲ್ಲಿ) ಎಳೆ ನಳಿಗೆಗೆ ಸಮಾಂತರವಾಗಿ ನೇರವಿರಲಿ. ಚಿತ್ತಾರವೆಲ್ಲ ಬಟ್ಟಿಗೆ ಸಾಕು.

ಇಡೀ ಹಲಗೆಯಿಂದ ಕೊರೆಯುವುದು, ಯಂತ್ರದಲ್ಲಿ ಅರೆ ಕೊರೆದದ್ದು

ಯಂತ್ರದಲ್ಲಿ ಶೇಕಡ 90ರಷ್ಟು ಕೊರೆದು ಕೊಡುವ ಸ್ಟಾಕ್ (ರೈಫಲ್ಲಿನ ಮರದ ಭಾಗ) ಆಸೆ ಹುಟ್ಟಿಸುತ್ತದೆ. ಮಿಲಿಟರಿ ಮೌಸರ್‌ಗೆ ಅದು ಸರಿಯಾಗಿಯೇ ಕೂರುತ್ತದೆ. ಇಂಗ್ಲಿಷ್ ರೈಫಲ್‌ಗೆ ಕೂರುವುದಿಲ್ಲ. ಕಾರಣ ಸರಳ: ಲಂಡನ್ನಿನ ಕೆಲಸಗಾರರು ಟ್ಯಾಂಗನ್ನು ಅರದಿಂದ ತೀಡಿ ಸಣ್ಣ ಮಾಡಿರುತ್ತಾರೆ, ಟ್ರಿಗರ್ ಗಾರ್ಡಿನ ಆಕಾರ ಬದಲಿಸಿರುತ್ತಾರೆ, ನಳಿಗೆಯ ಇಳುಕಲು ಒಂದೊಂದಕ್ಕೆ ಒಂದೊಂದು ಥರ. ಯಂತ್ರ ಕೊರೆದದ್ದು ಟ್ಯಾಂಗ್ ಬಳಿ ಒಂದು ಮಿ.ಮೀ. ಅಗಲವಾಗಿದ್ದರೆ ಆ ಸಂದು ಶಾಶ್ವತ. ಹೊರ ಆಕಾರವೂ ಅಮೆರಿಕದ ರುಚಿಗೆ ದಪ್ಪವಾಗಿರುತ್ತದೆ. ಸಮಯ ಉಳಿತಾಯ ಎಂದುಕೊಂಡದ್ದು ಸಂದು ಮುಚ್ಚುವುದರಲ್ಲಿ ಹೋಗುತ್ತದೆ.

ಇಡೀ ಹಲಗೆಯಿಂದ ಮಾಡುವಾಗ ಟ್ರಿಗರ್ ಗಾರ್ಡ್ ಮತ್ತು ಮ್ಯಾಗಜಿನ್ ಪೆಟ್ಟಿಗೆಯನ್ನು ಮೊದಲು ಕೂರಿಸಿ, ನಂತರ ನಳಿಗೆ ಸಹಿತ ಆಕ್ಷನ್. ಗಾರ್ಡ್ ಸ್ಕ್ರೂಗಳ ಜಾಗಕ್ಕೆ ತಲೆಯಿಲ್ಲದ ಉದ್ದನೆಯ ಮಾರ್ಗದರ್ಶಿ ಕಡ್ಡಿ ಹಾಕಿ. ಮೌಸರ್ 98ರ ಗಾರ್ಡ್ ಸ್ಕ್ರೂ ಕಾಲು ಇಂಚಿನದು, ಇಂಚಿಗೆ 22 ಎಳೆ. ಅಂಗಡಿಯಲ್ಲಿ ಸಿಗುವ ಕಾಲಿಂಚಿನ ಬೋಲ್ಟ್ ತುರುಕಿದರೆ ಆಕ್ಷನ್ನಿನ ಎಳೆ ಹಾಳು. ಲೋಹಕ್ಕೆ ಎಣ್ಣೆಯಲ್ಲಿ ಕಲಸಿದ ಕಾಡಿಗೆಯನ್ನು ತೆಳ್ಳಗೆ ಸವರಿ, ನೇರ ಕೆಳಗೆ ಒತ್ತಿ, ಎತ್ತಿ, ಕಪ್ಪು ಅಂಟಿದ ಕಡೆ ಮಾತ್ರ ಹೆರೆಯಿರಿ. ಕಾಡಿಗೆ ದಪ್ಪವಾದರೆ ತಾಗದ ಜಾಗಕ್ಕೂ ಮೆತ್ತಿ ಸುಳ್ಳು ಹೇಳುತ್ತದೆ. ಕೊನೆಯ ಅರ್ಧ ಮಿ.ಮೀ.ಗೆ ಉಳಿಗಿಂತ ಸ್ಕ್ರೇಪರ್ ಒಳ್ಳೆಯದು.

ಎರಡು ಕಡೆ ಸಂದು ಬಿಡಲೇಬೇಕು. ಟ್ಯಾಂಗಿನ ಹಿಂದೆ 0.5ರಿಂದ 0.8 ಮಿ.ಮೀ.; ಇಲ್ಲದಿದ್ದರೆ ಒದೆತವನ್ನು ರಿಕಾಯಿಲ್ ಲಗ್ (ಒದೆತ ಹೊರಲೆಂದೇ ಆಕ್ಷನ್ನಿನ ಅಡಿಯಲ್ಲಿರುವ ಗಟ್ಟಿ ಚಾಚು) ಬದಲು ಟ್ಯಾಂಗ್ ಹೊತ್ತು, ಬೆಣೆಯಂತೆ ಗ್ರಿಪ್ಪನ್ನು ಸೀಳುತ್ತದೆ. ಹಳೆ ಮರ ಸೀಳಿದ್ದಕ್ಕೆ ಸಾಮಾನ್ಯವಾಗಿ ಇದೇ ಕಾರಣ. ಮ್ಯಾಗಜಿನ್ ಪೆಟ್ಟಿಗೆಯ ಮೇಲಂಚು ಮತ್ತು ಆಕ್ಷನ್ ನಡುವೆ 0.3 ಮಿ.ಮೀ. ಬಿಡಿ. ಎರಡೂ ತಾಗಿದರೆ ಸ್ಕ್ರೂ ಬಿಗಿದಷ್ಟೂ ಲೋಹ ಲೋಹವನ್ನೇ ಒತ್ತುತ್ತದೆ, ಮರದ ಮೇಲೆ ಆಕ್ಷನ್ ಕೂರುವುದೇ ಇಲ್ಲ. ಹಿಂದಿನ ಗಾರ್ಡ್ ಸ್ಕ್ರೂ ಸುತ್ತ ಇರುವ ಸಣ್ಣ ಉಕ್ಕಿನ ಕೊಳವೆಯನ್ನು ಕಳೆಯಬೇಡಿ. ಸ್ಕ್ರೂ ಬಿಗಿದಾಗ ಮರ ಜಜ್ಜಿಹೋಗದಂತೆ ಕಾಯುವುದು ಅದೇ.

ಬರೀ ಮರವೋ, ಎಪಾಕ್ಸಿ ಹಾಸೋ

ಇಲ್ಲಿ ಸಂಪ್ರದಾಯದವರಿಗೂ ಗುರಿಕಾರರಿಗೂ ಜಗಳ. ಪೂರ್ತಿ ಮರದ ಮೇಲೆಯೇ ಕೂರಿಸಿದ ರೈಫಲ್ ನೋಡಲು ಶುದ್ಧ. ಆದರೆ ಮಳೆಗಾಲ ಬಂದರೆ ಮರ ಉಬ್ಬಿ ಗುಂಡು ಬೀಳುವ ಜಾಗ ಸರಿಯುತ್ತದೆ, ಬೇಸಿಗೆಯಲ್ಲಿ ಸ್ಕ್ರೂ ಸಡಿಲ. ಆಕ್ಷನ್ನಿನ ಉದ್ದಕ್ಕೂ ಎಪಾಕ್ಸಿ ಸುರಿದರೆ ಅದು ಅಲುಗದು, ಆದರೆ ಅಂಚಿನಲ್ಲಿ ಕಪ್ಪು ಗೆರೆ ಇಣುಕುತ್ತದೆ. ಕೈಕೆಲಸದ ಬೆಲೆ ಅಲ್ಲಿಗೆ ಮುಗಿಯಿತು. ನಮ್ಮ ತೀರ್ಮಾನ ನಡುವಿನದು: ಲಗ್‌ನ ಹಿಂಗೋಡೆ ಮತ್ತು ಟ್ಯಾಂಗಿನ ಅಡಿ ಮಾತ್ರ ಎಪಾಕ್ಸಿ, ಉಳಿದೆಲ್ಲ ಮರ. ಹೊರಗಿನಿಂದ ಒಂದಿಷ್ಟೂ ಕಾಣುವುದಿಲ್ಲ.

ಆ ಜಾಗದ ಮರವನ್ನು 2 ಮಿ.ಮೀ. ಆಳಕ್ಕೆ ಒರಟಾಗಿ ಹೆರೆಯಿರಿ. ಲಗ್‌ನ ಮುಂಭಾಗ, ಎರಡು ಪಕ್ಕ, ತಳಕ್ಕೆ 0.25 ಮಿ.ಮೀ. ದಪ್ಪದ ಟೇಪು ಅಂಟಿಸಿ, ಹಿಂಭಾಗಕ್ಕೆ ಬೇಡ. ಹಾಗೆ ಮಾಡಿದರೆ ಭಾರ ಹಿಂಗೋಡೆಗೆ ಮಾತ್ರ ಬೀಳುತ್ತದೆ, ಬಿಚ್ಚುವುದೂ ಸುಲಭ. ಲೋಹದ ತೂತು, ಕಚ್ಚುಗಳಿಗೆಲ್ಲ ಮಕ್ಕಳ ಆಟದ ಜೇಡಿ ತುಂಬಿ, ಬಣ್ಣವಿಲ್ಲದ ಬೂಟ್ ಪಾಲಿಶನ್ನು ಎರಡು ಸಲ ಸವರಿ. ಒಂದು ತೂತು ಮರೆತರೂ ಆಕ್ಷನ್ ಮರದಲ್ಲೇ ಲಾಕ್ ಆಗುತ್ತದೆ. ಅಂಟಿಗೆ ನಿಧಾನದ ಅರಾಲ್ಡೈಟ್ ಸಾಕು. ಸ್ಕ್ರೂಗಳನ್ನು ಬೆರಳ ಬಿಗಿಯಷ್ಟೇ ತಿರುಗಿಸಿ. ಬಲವಾಗಿ ಬಿಗಿದರೆ ಆಕ್ಷನ್ ಬಾಗಿ, ಬಾಗಿದ ಅಚ್ಚೇ ಗಟ್ಟಿಯಾಗುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ಪರೀಕ್ಷೆ: ನಳಿಗೆ ಮತ್ತು ಫೋರೆಂಡ್ ತುದಿ ಎರಡಕ್ಕೂ ತಾಗುವಂತೆ ಬೆರಳಿಟ್ಟು ಮುಂದಿನ ಸ್ಕ್ರೂ ಸಡಿಲಿಸಿ. ಅಲುಗಾಟ ಬೆರಳಿಗೆ ತಿಳಿದರೆ ಕೆಲಸ ಸರಿಯಿಲ್ಲ. ಡಯಲ್ ಗೇಜಿನಲ್ಲಿ 0.05 ಮಿ.ಮೀ. ಒಳಗಿರಬೇಕು.

ಎಣ್ಣೆ

ಒಂದೇ ಹಲಗೆಯ ಚೂರುಗಳಿಗೆ ಬೇರೆ ಬೇರೆ ಎಣ್ಣೆ ಹಚ್ಚಿ, ಒಣಗಿದ ಮೇಲೆ ನೀರಿನ ಹನಿ ಬಿಟ್ಟು ರಾತ್ರಿಯಿಡೀ ಇಟ್ಟು ನೋಡಿ. ಹಸಿ ಅಗಸೆ ಎಣ್ಣೆಯ ಚೂರಿನಲ್ಲಿ ಬಿಳಿ ಉಂಗುರ ಏಳುತ್ತದೆ, ಎಳೆಯೂ ಉಬ್ಬುತ್ತದೆ. ಬೇಗ ಒಣಗಿಸುವ ಡ್ರೈಯರ್ ಬೆರೆತ ಅಗಸೆ ಎಣ್ಣೆಯಲ್ಲಿ ಉಂಗುರ ಮಸುಕು. ಟಂಗ್ ಎಣ್ಣೆಯಲ್ಲಿ (ಟಂಗ್ ಮರದ ಬೀಜದ ಎಣ್ಣೆ) ಗುರುತು ಇಲ್ಲವೆಂಬಷ್ಟು ಕಡಿಮೆ. ಪಾಲಿಯುರೆಥೇನಿಗೆ ಏನೂ ಆಗದು, ಆದರೆ ಅದರ ಹೊಳಪು ಪ್ಲಾಸ್ಟಿಕ್ಕಿನದು, ಗೀರು ಬಿದ್ದರೆ ಆ ಜಾಗ ಮಾತ್ರ ಸರಿಪಡಿಸಲಾಗದು. ಹಳೆ ರೈಫಲ್‌ಗೆ ಅದರ ಮಾತೇ ಬೇಡ.

ಲಂಡನ್ನಿನ ಕೆಂಪು ಛಾಯೆ ಬರುವುದು ಅಗಸೆ ಎಣ್ಣೆಯಲ್ಲಿ ಆಲ್ಕನೆಟ್ ಬೇರು ನೆನೆಹಾಕುವುದರಿಂದ. ಉತ್ತರ ಭಾರತದ ಅಡುಗೆಗೆ ಬಣ್ಣ ಕೊಡುವ ರತನ್‌ಜೋತ್ ಅದರ ಹತ್ತಿರದ ಬಳಗ, ಅದೂ ಎಣ್ಣೆಗೆ ಕೆಂಪು ಬಿಡುತ್ತದೆ. ಕ್ರಮ ಹೀಗೆ: ಒದ್ದೆ ಬಟ್ಟೆಯಿಂದ ಒರೆಸಿ, ಬಿಸಿಗಾಳಿ ಕೊಟ್ಟು, ಎದ್ದ ರೋಮವನ್ನು 320 ನಂಬರ್ ಕಾಗದದಿಂದ ತೆಗೆಯಿರಿ, ರೋಮ ಏಳುವುದು ನಿಲ್ಲುವವರೆಗೆ ಇದನ್ನೇ ಮಾಡಿ. ಒಳಗಿನ ಕಚ್ಚುಗಳಿಗೂ ಬಟ್ಟಿನ ತುದಿಯ ಅಡ್ಡಕಡಿತಕ್ಕೂ ಟಂಗ್ ಎಣ್ಣೆ ಕುಡಿಸಿ. ಅಲ್ಲಿ ಯಾರೂ ಎಣ್ಣೆ ಹಚ್ಚುವುದಿಲ್ಲ, ತೇವ ಒಳನುಗ್ಗುವುದೂ ಅಲ್ಲಿಂದಲೇ. ಹೊರಮೈಗೆ ಕೆಂಪೆಣ್ಣೆ ಹಚ್ಚಿ 400ರ ಕಾಗದದಿಂದ ಒದ್ದೆಯಾಗಿಯೇ ಉಜ್ಜಿದರೆ ಮರದ ಹೊಡಿ ಎಣ್ಣೆ ಸೇರಿ ರಂಧ್ರ ತುಂಬುತ್ತದೆ. ಒರೆಸಬೇಡಿ, ಒಣಗಲಿ, ಮರುದಿನ ಮತ್ತೆ. ರಂಧ್ರ ತುಂಬಿದ ಮೇಲೆ ಅಂಗೈಯಲ್ಲಿ ಕೆಲವೇ ಹನಿ ತಿಕ್ಕಿ ತಿಕ್ಕಿ ಮುಗಿಸಿ. ದಪ್ಪಗೆ ಹಚ್ಚಿದರೆ ಅಗಸೆ ಅಂಟುತ್ತದೆ, ಟಂಗ್ ಸುಕ್ಕುಗಟ್ಟುತ್ತದೆ. ಎಣ್ಣೆ ಬಟ್ಟೆಯನ್ನು ಉಂಡೆಮಾಡಿ ಮೂಲೆಗೆಸೆದರೆ ತಾನೇ ಬಿಸಿಯೇರಿ ಬೆಂಕಿ ಹಿಡಿಯುತ್ತದೆ. ನೀರಿನಲ್ಲಿ ಮುಳುಗಿಸಿಡಿ, ಇಲ್ಲವೇ ಹೊರಗೆ ಹರಡಿ ಒಣಗಿಸಿ.

ಕಪ್ಪು: ಮೂರು ದಾರಿ, ಒಂದೇ ಉತ್ತರ

ಬಿಸಿ ಉಪ್ಪಿನ ಬ್ಲೂಯಿಂಗ್ (ಉಕ್ಕಿನ ಮೈಯನ್ನು ಕಪ್ಪಾಗಿಸುವುದು) ಒಂದೇ ದಿನದಲ್ಲಿ ಮುಗಿಯುತ್ತದೆ. ಸುಮಾರು 140 ಡಿಗ್ರಿಯ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಮುಳುಗಿಸಿ ತೆಗೆದರೆ ಕಡುಕಪ್ಪು. ಆದರೆ ಇಂಗ್ಲಿಷ್ ರೈಫಲ್ಲಿನ ಹಿಂಸೈಟಿನ ಪೀಠ, ಮುಂಸೈಟಿನ ದಿಬ್ಬ, ಹೆಗಲ ಪಟ್ಟಿ ಸಿಕ್ಕಿಸಲು ನಳಿಗೆಯ ಮೇಲಿರುವ ಉಂಗುರ ಇವೆಲ್ಲ ತವರ ಸೀಸದ ಬೆಸುಗೆಯಿಂದ ನಿಂತಿರುತ್ತವೆ. ಕಾಸ್ಟಿಕ್ ಆ ಬೆಸುಗೆಯನ್ನೇ ತಿನ್ನುತ್ತದೆ. ಬಿಡಿಭಾಗ ತೊಟ್ಟಿಯ ತಳ ಸೇರದಿದ್ದರೂ ಸಂದಿನಲ್ಲಿ ಉಳಿದ ಉಪ್ಪು ತಿಂಗಳುಗಳ ನಂತರ ಬಿಳಿಯಾಗಿ ಒಸರುತ್ತದೆ. ಅದರ ಕೆಳಗೆ ತುಕ್ಕು.

ಹಳೆಯವರ ದಾರಿ ನಿಧಾನದ ತುಕ್ಕಿನದು. 320ರಿಂದ 400ರವರೆಗೆ ಕೈಯಲ್ಲೇ ತೀಡಿ. ಗಾಲಿ ಪಾಲಿಶ್ ಬೇಡ, ಅದು ತಯಾರಕರ ಅಕ್ಷರಗಳ ಅಂಚು ಕರಗಿಸುತ್ತದೆ, ಹೊಳೆಯುವ ಮೈಗೆ ತುಕ್ಕೂ ಕಚ್ಚದು. ನಳಿಗೆಯ ಒಳಗೆ ಷೆಲ್ಯಾಕ್ ಲೇಪಿಸಿ, ಎರಡೂ ತುದಿಗೆ ಮರದ ಬಿರಡೆ. ಜಿಡ್ಡು ಪೂರ್ತಿ ತೆಗೆದು, ತುಕ್ಕಿನ ದ್ರಾವಣವನ್ನು ಒದ್ದೆ ಎನಿಸದಷ್ಟು ತೆಳ್ಳಗೆ ಎಳೆಯಿರಿ. ತೇವದ ಪೆಟ್ಟಿಗೆಯಲ್ಲಿ ಕೆಲವು ಗಂಟೆ ಬಿಟ್ಟರೆ ನವಿರಾದ ಕಿತ್ತಳೆ ತುಕ್ಕು ಏಳುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ 15 ನಿಮಿಷ ಕುದಿಸಿದರೆ ಕಣ್ಣೆದುರೇ ಅದು ಕಪ್ಪಾಗುತ್ತದೆ. ಜಿಡ್ಡಿಲ್ಲದ 0000 ಉಕ್ಕಿನ ಉಣ್ಣೆಯಿಂದ ಮೇಲಿನ ಪುಡಿ ಉಜ್ಜಿ. ಇಷ್ಟಾದರೆ ಒಂದು ಸುತ್ತು. ಆರರಿಂದ ಹತ್ತು ಸುತ್ತು ಬೇಕು. ಬೋರ್‌ವೆಲ್ ನೀರಿನಲ್ಲಿ ಕುದಿಸಿದರೆ ಚುಕ್ಕೆ ಬೀಳುತ್ತದೆ. ಬರಿಗೈ ತಾಗಿದ ಜಾಗ ಬೋಳಾಗಿ ಉಳಿಯುತ್ತದೆ. ಆಷಾಢದ ಮಲೆನಾಡಿನಲ್ಲಿ ತೇವದ ಪೆಟ್ಟಿಗೆಯೇ ಬೇಡ, ಕೋಣೆಯ ಗಾಳಿಯೇ ಸಾಕು. ಹಾಗಾಗಿ ಅಲ್ಲಿ ಹೊತ್ತು ಕಡಿಮೆ ಮಾಡಿ, ಇಲ್ಲದಿದ್ದರೆ ಲೋಹ ಗುಳಿಬೀಳುತ್ತದೆ.

ಬಾಟಲಿಯ ಕೋಲ್ಡ್ ಬ್ಲೂ (ಕಾಯಿಸದೆ ಹಚ್ಚುವ ಕಪ್ಪಿನ ದ್ರಾವಣ) ಸ್ಕ್ರೂ ತಲೆಯ ಗೀರಿಗೆ ಮಾತ್ರ. ಇಡೀ ನಳಿಗೆಗೆ ಹಚ್ಚಿದರೆ ಪಟ್ಟೆ ಪಟ್ಟೆಯಾಗಿ, ಕೈ ಉಜ್ಜಿದಲ್ಲೆಲ್ಲ ಬೇಗ ಸವೆದು ಬೂದಿಯಾಗುತ್ತದೆ. ಸ್ಕ್ರೂಗಳನ್ನು ಹೊಸದಾಗಿ ಬಣ್ಣಗಟ್ಟಿಸಬೇಕಿದ್ದರೆ ತೀಡಿ ಹೊಳಪು ತಂದು, ಹಿತ್ತಾಳೆ ಚೂರಿನ ಹಾಸಿನ ಮೇಲಿಟ್ಟು 300 ಡಿಗ್ರಿಯ ಹತ್ತಿರ ಕಾಯಿಸಿ. ಹುಲ್ಲಿನ ಹಳದಿ, ಕಂದು, ನೇರಳೆ ದಾಟಿ ನವಿಲು ನೀಲಿ ಬಂದ ಕ್ಷಣ ಎಣ್ಣೆಗೆ ಹಾಕಿ. ಒಂದೆರಡು ಉಸಿರು ತಡವಾದರೆ ನೀಲಿ ಬೂದಾಗುತ್ತದೆ, ಮತ್ತೆ ಮೊದಲಿನಿಂದ ತೀಡಬೇಕು. ಕೂರಿಸುವಾಗ ಗಾರ್ಡ್ ಸ್ಕ್ರೂಗಳ ಸೀಳು ನಳಿಗೆಯ ಉದ್ದಕ್ಕೆ ನೇರ ನಿಲ್ಲಬೇಕು, ಲಂಡನ್ನಿನ ಕೆಲಸದ ಗುರುತದು. ಹೊಸ ಮರ ಮೊದಲ ಇಪ್ಪತ್ತು ಮೂವತ್ತು ಈಡಿಗೆ ಸ್ವಲ್ಪ ಅದುಮಿಕೊಳ್ಳುವುದರಿಂದ ಸೀಳುಗಳನ್ನು ನೇರ ಮಾಡುವ ಕೆಲಸ ಅದಾದ ಮೇಲೆಯೇ.